ಮೊಹರು

ಆರ್ವಿಡ್ಸ್ ಕ್ಲಾವಿನ್ಶನಿಗೆ ಸಂಬಳ ಕೊಡಲು
ಸರಕಾರವೇ ಇರಲಿಲ್ಲ.
ಲೀತ್ ಬಂದರಿನ ಸಣ್ಣ ಬೀದಿಯಲ್ಲಿ
ಪ್ರತಿ ಶನಿವಾರ ವಿನೆಗರ್ ಹಚ್ಚಿ
ಹಿತ್ತಾಳೆ ಫಲಕ ತಾನೇ ಉಜ್ಜುತ್ತಿದ್ದ:
ಲಾಟ್ವಿಯಾ ಗಣರಾಜ್ಯ.

ಅಂಚೆಯವ ನಗುತ್ತಿದ್ದ:
“ನಕಾಶೆಯಲ್ಲೇ ಇಲ್ಲವಲ್ಲ ಸ್ವಾಮಿ, ನಿಮ್ಮ ದೇಶ?”
“ಕಾಗದ ಬಂತಲ್ಲ,” ಅನ್ನುತ್ತಿದ್ದ.

ಅಮ್ಮ ಅವನ ನೆಲ ಒರೆಸುವಾಗ
ನಾನು ಮೇಜಿನಡಿ ಕೂತು ನೋಡುತ್ತಿದ್ದೆ.
ವರ್ಷಕ್ಕೊಬ್ಬಿಬ್ಬರು ಬರುವರು: ಹಡಗಿನ ಅಡುಗೆಯವ,
ಡಂಡಿಯ ದರ್ಜಿ.
ಅವಧಿ ಮುಗಿದ ಪಾಸ್‌ಪೋರ್ಟು ಬಿಚ್ಚಿಟ್ಟು
ಒಣಗಿದ ಮೊಹರಿಗೆ ಹಾ ಎಂದು ಉಸಿರೂದಿ
ಒತ್ತುತ್ತಿದ್ದ, ಪೂರ್ತಿ ಮೈಭಾರ ಬಿಟ್ಟು.
ದರ್ಜಿ ಹೊರಡುವಾಗ
ಎದೆಯ ಜೇಬು ಎರಡು ಸಲ ಮುಟ್ಟಿಕೊಂಡ.

ಬಾಡಿಗೆಗೆ ಹೆಂಡತಿಯ ಪಿಯಾನೋ ಹೋಯಿತು,
ಆಮೇಲೆ ಗಡಿಯಾರ, ಚಳಿಗಾಲದ ಕೋಟು.
ಕುರ್ಚಿ ಮಾತ್ರ ಎರಡು ಉಳಿದವು.
ಬಂದವರಿಗೊಂದು ಬೇಕಲ್ಲ.

ಬಾವುಟ ಮತ್ತೆ ಏರಿದ್ದು
ಅವನು ಸತ್ತ ನಾಲ್ಕನೇ ಬೇಸಿಗೆ.

ರೀಗಾದಿಂದ ಬಂದ ಹುಡುಗಿ, ಹೊಸ ಕಾರ್ಯದರ್ಶಿ,
ಡ್ರಾಯರಿನ ತಳದಿಂದ ಮೊಹರು ತೆಗೆದು
ಹಾಳೆಗೊತ್ತಿದಳು. ಏನೂ ಮೂಡಲಿಲ್ಲ.
“ಮ್ಯೂಸಿಯಮ್ಮಿಗೆ ಕಳಿಸೋಣವೇ?”

ಈಗ ಅಮ್ಮನ ಕೆಲಸ ನನ್ನದು.
ಬಕೆಟ್ ಕೆಳಗಿಟ್ಟೆ.
“ಮೊದಲು ಉಸಿರು ಊದಬೇಕಮ್ಮ,” ಅಂದೆ.