ಆಟ ಬಂದ ಗಾಲಿ

ಮೊದಲು ಕಂಡದ್ದು ಹುಲ್ಲಿನಲ್ಲಿ.
ಬೌಂಡರಿಗುಂಟ ನೆಟ್ಟಗೆ ಹೊಡೆದೆ ಅಂದುಕೊಂಡಿದ್ದ ಪಟ್ಟೆ
ಹಾವು ಹರಿದ ಹಾಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ.
ಪಿ.ಟಿ. ಮೇಷ್ಟ್ರು ಮೆಟ್ಟಿಲ ಮೇಲಿಂದಲೇ ಕೂಗಿದರು:
"ಏನಪಾ ಓಬಳೇಶ, ಬೆಳಬೆಳಗ್ಗೇನೇ?"
ನಾನು ಕುಡಿಯುವವನಲ್ಲ.
ಇಳಿದು, ಮುಂದಿನ ಎಡಗಾಲಿಯ ನೆತ್ತಿ ಹಿಡಿದು ಅಲುಗಿಸಿದೆ.
ಲೊಡಕ್ ಅಂತು. ಮತ್ತೆ ಲೊಡಕ್.
ಬೀಳಲಿರುವ ಹಲ್ಲನ್ನು ನಾಲಿಗೆ ದೂಡಿದಂತೆ.

ಇದಕ್ಕೆ ನಮ್ಮ ಕಡೆ ಆಟ ಬಂದಿದೆ ಅನ್ನುತ್ತಾರೆ.
ಹನ್ನೊಂದು ವರ್ಷ ಕಾಲೇಜಿನ ಆಟದ ಮೈದಾನ ಸುತ್ತಿದ ಗಾಲಿಗೆ
ಕಡೆಗೂ ಆಟ ಬಂದಿತ್ತು.

ಆಫೀಸಿನಲ್ಲಿ ಶಿವಯೋಗೆಪ್ಪನವರು ಕನ್ನಡಕ ಏರಿಸಿದರು.
ಬುಷ್ ಅಂದರೇನು?
ಬೆರಳಿಗೆ ಉಂಗುರ ಇದ್ದಂಗೆ ಸಾರ್,
ಆಕ್ಸಲ್ಲಿಗೂ ಗಾಲಿಗೂ ನಡುವೆ.
ಉಂಗುರಕ್ಕೆ ಮೂರು ಕೊಟೇಶನ್ ತಾ ಅಂದರು.
ಬುಷ್ಷಿಗೆ ನೂರಾ ನಲವತ್ತು,
ಮೂರು ಅಂಗಡಿ ತಿರುಗಿದ ಆಟೋಕ್ಕೆ ಇನ್ನೂರು.

ಹಿಂದಿನ ಗಾಲಿಗೆ ಇಟ್ಟಿಗೆ ಒತ್ತಿಟ್ಟು, ಮುಂದೆ ಜಾಕ್ ಕೊಟ್ಟು
ಟೋಪಿ ಬಿಚ್ಚಿದೆ. ಕ್ಲಿಪ್ ಚಿಮ್ಮಿ ಹುಲ್ಲಿಗೆ ಬಿತ್ತು.
ಅರ್ಧ ಗಂಟೆ ಮಂಡಿಯೂರಿ ತಡಕಾಡಿದೆ.
ನಾನೇ ಕತ್ತರಿಸುವ ಹುಲ್ಲು, ನನಗೇ ಕೊಡಲಿಲ್ಲ.
ಸಿಕ್ಕದ್ದು ಆಮೇಲೆ, ಬರಿಗಾಲಿಗೆ, ಚುಚ್ಚಿ.

ಒಳಗಿಂದ ಸರಳು ಇಟ್ಟು ಬಡಿದರೆ ಹಳೇ ಬುಷ್ ಉದುರಿತು.
ಬಾಯಿ ಅಗಲಿಸಿಕೊಂಡು, ಗಂಟೆಯ ಹಾಗೆ.
ಆಕ್ಸಲ್ ಮಾತ್ರ ಮೇಲುಗಡೆ ಕನ್ನಡಿ,
ಭಾರ ಕೂತ ಕೆಳಗಡೆಯಲ್ಲಿ ಉಗುರಿಗೆ ಸಿಗುವಷ್ಟು ತಗ್ಗು.

ಹಳೇ ಪಿ.ಬಿ. ರಸ್ತೆಯ ಸಂದಿಯಲ್ಲಿ ಬುಡೇನ್ ಸಾಬರ ಲೇಥು.
ಗಾಲಿಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಹೋದೆ.
ಮೂವತ್ತು ವರ್ಷದ ಮಿಲ್ಲಿನ ಸದ್ದು ಅವರ ಕಿವಿ ತಿಂದಿದೆ,
ಮಿಲ್ಲು ಮುಚ್ಚಿದರೂ ಕಿವಿ ತೆರೆದಿಲ್ಲ.
ಯಂತ್ರದ ಮೈಮೇಲೆ ಬೆರಳಿಟ್ಟು ಕೇಳುತ್ತಾರೆ.
"ಕಂಪನೀದು ಬರೇ ಪ್ಲಾಸ್ಟಿಕ್ಕು, ಗನ್‌ಮೆಟಲ್‌ನ್ಯಾಗ ಮಾಡಿಕೊಡ್ತೀನಿ."
"ಒಂಚೂರೂ ಆಟ ಇರಬಾರದು ಸಾಬ್!" ಅಂತ ಕೂಗಿದೆ.
"ಆಟ ಇಲ್ಲದಿದ್ರ ತಿರುಗೋದು ಹ್ಯಾಂಗಪ್ಪ?"
"ಇರಬಾರದು."
ನನ್ನ ಮುಖ ನೋಡಿದರು. ನಾನು ಹೇಳಿದ ಅಳತೆಗೇ ಹಿಡಿದರು.
ಹಳದಿ ಸುರುಳಿ ಸುರುಳಿಯಾಗಿ ಲೋಹ ಬಿಚ್ಚಿಕೊಂಡಿತು.
ಆ ಪುಡಿಯನ್ನೂ ಡಬ್ಬಿಗೆ ತುಂಬಿಟ್ಟರು; ಕಿಲೋಗೆ ಇಷ್ಟು ಅಂತ ಹೋಗುತ್ತದೆ.

ಮೈದಾನಕ್ಕೆ ಬಂದು ತೂರಿಸಿದರೆ ಅರ್ಧಕ್ಕೆ ನಿಂತಿತು ಗಾಲಿ.
ಮುಂದೂ ಇಲ್ಲ, ಹಿಂದೂ ಇಲ್ಲ,
ಕೊಟೇಶನ್ ಕೇಳುವ ಆಫೀಸಿನ ಹಾಗೆ.
ಮರದ ತುಂಡು ಇಟ್ಟು ಬಡಿಬಡಿದು ಬಿಡಿಸಿಕೊಂಡೆ.
ಮತ್ತೆ ಆಟೋ. ಮತ್ತೆ ತೊಡೆಯ ಮೇಲೆ ಗಾಲಿ.

ಸಾಬರು ಏನೂ ಅನ್ನಲಿಲ್ಲ.
ಅನ್ನದೇ ಇದ್ದದ್ದೇ ಬೈದಂತಿತ್ತು.
ಸುಮ್ಮನೆ ಚಕ್ಕಿಗೆ ಏರಿಸಿ
ಕೂದಲೆಳೆಯಷ್ಟು ಕೆರೆದು, ಊದಿ, ಕೈಗಿಟ್ಟರು.
ದುಡ್ಡು ಎರಡನೇ ಸಲಕ್ಕೆ ಬೇಡ ಅಂದರು.

ಸಂಜೆಯ ಹೊತ್ತಿಗೆ ನಿಪ್ಪಲ್‌ಗೆ ಗನ್ ಹಚ್ಚಿ ಒತ್ತುತ್ತಲೇ ಇದ್ದೆ.
ಉಳಿದಿದ್ದ ಮಣ್ಣು ಬೆರೆತ ಕರಿ ಗ್ರೀಸು ಅಂಚಿನಲ್ಲಿ ಉಬ್ಬಿ
ಅದರ ಬೆನ್ನಿಗೆ ಹೊಸದು, ಜೇನಿನ ಬಣ್ಣದ್ದು, ಹೊರಬರುವತನಕ.
ವಾಷರ್, ಕ್ಲಿಪ್, ಟೋಪಿ.
ಜಾಕ್ ಇಳಿಸುವ ಮುಂಚೆ ಒಂದು ಬೆರಳಿಂದ ತಳ್ಳಿದೆ:
ತಿರುಗಿತು,
ನಾನು ಬೀಡಿ ಹಚ್ಚುವವರೆಗೂ ತಿರುಗುತ್ತಿತ್ತು.
ನೆತ್ತಿ ಹಿಡಿದು ಅಲುಗಿಸಿದೆ.
ಸದ್ದಿಲ್ಲ. ಆದರೂ ಬೆರಳಿಗೆ ಗೊತ್ತಾಯಿತು,
ಒಳಗೆಲ್ಲೋ ಒಂದು ಕೂದಲಿನಷ್ಟು ಜಾಗ.

ಮರುದಿನ ಪಟ್ಟೆ ದಾರ ಹಿಡಿದಂತೆ ಬಂತು.
ಮೇಷ್ಟ್ರು ಫೋನಿನಲ್ಲಿದ್ದರು, ಇತ್ತ ನೋಡಲೇ ಇಲ್ಲ.
ನೋಡಿದವಳು ಹೊನ್ನೂರಮ್ಮ,
ಎರಡು ದಿನದಿಂದ ಖಾಲಿ ಚೀಲ ಹಿಡಿದು ವಾಪಸು ಹೋಗಿದ್ದವಳು.
ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು:
"ಏನಣ್ಣ, ಹುಲ್ಲೆಲ್ಲ ಗ್ರೀಸ್ ವಾಸನಿ,
ನಮ್ಮೆಮ್ಮಿ ಮೂಸೂದಿಲ್ಲ ಇದನ್ನ."
ನಾಳೆಗೆ ಹೋಗತ್ತೆ ತಗಾ ಅಂದೆ.
ಗೊಣಗುತ್ತಲೇ ಚೀಲ ತುಂಬಿದಳು,
ಕಾಲಿಂದ ಒತ್ತಿ ಒತ್ತಿ, ಚೂರೂ ಜಾಗ ಬಿಡದೆ.