ಆರಿಂಚಿನ ಗಾಜು

ಮೊದಲಿಗೇ ಹೇಳಿಬಿಡ್ತೀನಿ:
ನಕ್ಕವರೊಳಗ ನಾನೂ ಒಬ್ಬ.
ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯೊಳಗ
ಇಪ್ಪತ್ತೆರಡು ವರ್ಷದ ಮೇಸ್ತ್ರಿ,
ಕೆಂಪು ಕಲ್ಲಿನ್ಯಾಗ ಮುಖ ಕಾಣೂವಂಗ
ಪಾಲಿಶ್ ಮಾಡಿಸಿದಾಂವ.

ದಾವಲಬಿ ನದಾಫ ನಮ್ಮ ಮೂರನೇ ಮಷೀನಿನಾಕಿ.
ಅವರಪ್ಪ ಊರೂರು ತಿರಗಿ ಹತ್ತಿ ಹಿಂಜಿದಾಂವ,
ಅಕಿ ಕಲ್ಲು ತಿಕ್ಕಾಕಿ.
ಒಂದು ಮಧ್ಯಾಹ್ನ, ರೊಟ್ಟಿ ಮುರಕೊಂತ, ಕೇಳಿದ್ಲು:
"ಮೇಸ್ತ್ರಿ, ಎಂಬತ್ತರ ಪುಡಿ ಒಂದು ಮುಷ್ಟಿ ಒಯ್ಯಲೇನು?
ಮನ್ಯಾಗ ದೂರಬೀನು ಮಾಡೂದೈತಿ.
ಶನಿಗೆ ಬಳಿ ಐತಂತ. ನಾನು ನೋಡಬೇಕು."

ನಗದ ಹೆಂಗ ಇರೂದು?
ಚಂದ್ರವ್ವ ಅಂದ್ಲು, "ಶನಿ ನಮ್ಮ ಮನ್ಯಾಗ ಬಂದು ಕುಂತಾನ,
ಬಾ, ಬರಿಗಣ್ಣಿಲೆ ತೋರಸ್ತೀನಿ."
ಲಾರಿ ತುಂಬೂ ಹುಡುಗ ಅಂದ,
"ದಾವಲಕ್ಕ, ಮೊದಲು ಕರೆಂಟ್ ಬಿಲ್ಲು ಕಾಣತೈತೇನು ನೋಡು."
ನಾನಂದೆ (ಮೇಸ್ತ್ರಿಯಾದಾಂವ ಕಡೀ ಮಾತು ಆಡಬೇಕಲ್ಲ)
"ಅದು ಜರ್ಮನಿ ಜಪಾನಿನವರ ಕೆಲಸ. ಆಗೂದಿಲ್ಲ."
ಆದ್ರ ಪುಡಿ ಕೊಟ್ಟೆ. ಸುಳ್ಯಾಕ ಹೇಳ್ಲಿ,
ನಾಳಿ ಮತ್ತ ನಗಾಕ ಏನರೆ ಬೇಕಾಗಿತ್ತು.

ಅಕಿ ಹಿತ್ತಲದಾಗ ಡಾಂಬರಿನ ಖಾಲಿ ಡ್ರಮ್ಮು,
ಅಲುಗಾಡಬಾರದಂತ ಹೊಟ್ಟಿ ತುಂಬ ಉಸುಕು.
ಮ್ಯಾಲ ಒಂದು ಗಾಜು, ಅದರ ಮ್ಯಾಲ ಇನ್ನೊಂದು,
ನಡುವ ಪುಡಿ, ನೀರು.
ಒತ್ತಿ ದೂಡೂದು, ಒಂದು ಹೆಜ್ಜಿ ಸರಿಯೂದು.
ಒತ್ತಿ ದೂಡೂದು, ಒಂದು ಹೆಜ್ಜಿ.
ಗಾಣದ ಎತ್ತು ಅಂದ್ರು ಓಣ್ಯಾಗ.
"ಎತ್ತು ತಿರಗಿದ್ರ ಎಣ್ಣಿಯರೆ ಬರತೈತಿ," ಅಕಿ ಅತ್ತಿ.

ಒಂದಿನ ನೋಡಾಕ ಹೋದೆ. ತೋರಿಸಿದ್ಲು:
ಒಂದಕ್ಕೊಂದು ತಿಕ್ಕಿದ್ರ
ಮ್ಯಾಲಿನದು ತಗ್ಗಾಗತೈತಿ, ಕೆಳಗಿನದು ಉಬ್ಬತೈತಿ.
ಬೇಕಾದ್ದು ತಗ್ಗಿದ್ದು.
ಉಬ್ಬಿದ್ದು ಬರೀ ತಿಕ್ಕಾಕಷ್ಟ.
ಯಾಕೋ ನನ್ನ ಅಂಗಿ ಗುಂಡಿ ಬಿಗಿ ಆದಂಗಾತು.

ಎಂಬತ್ತು, ನೂರಾ ಇಪ್ಪತ್ತು, ಇನ್ನೂರಾ ಇಪ್ಪತ್ತು, ನಾನೂರು.
ನಮ್ಮ ಕಲ್ಲಿನ ಲೆಕ್ಕಾನ.
ನಾನೂರರಾಗ, ಎಲ್ಲಿತ್ತೋ ಏನೋ, ಎಂಬತ್ತರ ಒಂದು ಕಣ,
ಸೆರಗಿನ ಮಡಿಕ್ಯಾಗೋ, ಉಗುರಿನ ಸಂದ್ಯಾಗೋ.
ಗೆರಿ.
ಈ ದಂಡಿಯಿಂದ ಆ ದಂಡಿಗೆ.
ನಾಲ್ಕು ತಿಂಗಳು ಹೋತು.
ಆವತ್ತು ಯಾರೂ ಏನೂ ಅನ್ನಲಿಲ್ಲ,
ಅದು ನಗೂದಕ್ಕಿಂತ ಕೆಟ್ಟಿತ್ತು.

ಮರುದಿನ ಉಗುರು ಬುಡಮಟ ಕತ್ತರಿಸಿಕೊಂಡು ಬಂದು
ಡಬ್ಬಿ ಚಾಚಿದ್ಲು:
"ಎಂಬತ್ತರದು. ಇನ್ನೊಂದು ಮುಷ್ಟಿ."

ಎರಡನೇದು ಮುಗದಾಗ ಬೆಳ್ಳಿ ಹಚ್ಚಸಾಕ ರೊಕ್ಕ ಇರಲಿಲ್ಲ.
ಬೋರಿನ ಪೈಪಿನ ತುಂಡಿನ್ಯಾಗ ಹಂಗ ಕೂಡಿಸಿದ್ಲು.
"ಬರಿಗಾಜಿಗೂ ಚಂದ್ರ ಸಿಗ್ತಾನ, ಮೇಸ್ತ್ರಿ,
ಕೊಡೂವಷ್ಟು ಬೆಳಕು ಅವನ ಹತ್ರ ಐತಿ.
ಶನಿ ಜಿಪುಣ."
ದೀಪಾವಳಿ ಬೋನಸ್ಸಿನ್ಯಾಗ ಬೆಳ್ಳಿ ಬಂತು.

ಓಣಿ ಕರೆಂಟು ಹೋದ ಒಂದು ರಾತ್ರಿ
ಪಾಳಿ ಹಚ್ಚಿ ನಿಂತೆವು, ನಕ್ಕವರೆಲ್ಲ.
ಮೊದಲು ಚಂದ್ರವ್ವ. ನೋಡಿದ್ಲು,
ಬಾಯಿ ಮ್ಯಾಲ ಕೈ ಇಟಕೊಂಡು ಮತ್ತೊಮ್ಮೆ ನೋಡಿದ್ಲು,
ಯಾರಿಗೂ ಏನೂ ಹೇಳದ ಕಟ್ಟಿಗೆ ಹೋಗಿ ಕುಂತ್ಲು.
ಆಮ್ಯಾಲ ನಾನು.
ಜೋಳದ ಕಾಳಿಗಿಂತ ಸಣ್ಣದು. ನಡುಗತಿತ್ತು.
ಸುತ್ತ, ಎಲ್ಲೂ ಮುಟ್ಟದ, ಒಂದು ಬಳಿ.
ಇಪ್ಪತ್ತೆರಡು ವರ್ಷ
ಹೊಳಿಯೂದರಾಗೆಲ್ಲ ನನ್ನ ಮಾರಿ ನೋಡಕೊಂತ ಬಂದಾಂವ.
ಇದರೊಳಗ ನಾನು ಇರಲಿಲ್ಲ.

ಕಣ್ಣು ತಗಿಯೂದರಾಗ ಅಕಿ ಕೇಳಿದ್ಲು:
"ಹತ್ತಿಂಚಿನ ಗಾಜು ಎಲ್ಲಿ ಸಿಗತೈತಿ, ಮೇಸ್ತ್ರಿ?"
"ಹತ್ತಿಂಚಾ? ಅದು ಆಗೂದಿಲ್ಲ ಬಿಡು," ಅಂದೆ.
ಬಾಯಿ ಚಟ, ಅಷ್ಟು ಲಗೂ ಹೋಗೂದಿಲ್ಲ.

ಕತ್ತಲದಾಗ ಅಕಿ ಆಗಲೇ
ಡ್ರಮ್ಮಿನ ಬಾಯಿಗೆ ಗೇಣು ಹಾಕಿ ನೋಡತಿದ್ಲು.