ಆಧಾರ

ಮೂವತ್ತನಾಲ್ಕು ಪ್ರಬಂಧ. ವಿಷಯ ನಾನೇ ಕೊಟ್ಟದ್ದು:
‘ನಮ್ಮ ಊರಿನ ಹೊಗೆ’.
ಪತ್ರಿಕೆ ಓದಿ, ಆಧಾರ ಕೊಟ್ಟು ಬರೆಯಿರಿ,
ಸುಮ್ಮನೆ ಅನಿಸಿದ್ದು ಗೀಚಿದರೆ ಅಂಕವಿಲ್ಲ ಅಂದಿದ್ದೆ.

ಉಲಾನ್‌ಬಾತರಿನ ಬಡಗಣ ಗುಡ್ಡದ ಈ ಶಾಲೆಯಲ್ಲಿ
ಸಂಜೆ ಐದಕ್ಕೇ ಕಿಟಕಿ ಮಾಯ.
ಹೆಪ್ಪುಗಟ್ಟಿದ ಕೆಂಪು ಪೆನ್ನನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ
ಒಂದೊಂದೇ ತಿರುವುತ್ತೇನೆ.

ಮೊದಲ ವಾಕ್ಯ ಹೆಚ್ಚುಕಡಿಮೆ ಎಲ್ಲರದೂ ಒಂದೇ:
‘ಹೊಗೆಯ ಮೂಲ ಬಡತನ ಎಂದು ವರದಿ ಹೇಳುತ್ತದೆ.’
ಹೇಳುತ್ತದೆ, ಹೇಳುತ್ತದೆ, ಹೇಳುತ್ತದೆ,
ಮೂವತ್ತು ಬಗೆಯ ಕೈಬರಹ, ಒಂದೇ ಬಾಯಿ.
ಗಾಲ್ಸನ್ ವರದಿಗಾರನ ಹೆಸರು, ಕಚೇರಿಯ ವಿಳಾಸ
ಯಾವುದನ್ನೂ ಬಿಡದೆ ಇಳಿಸಿದ್ದಾನೆ;
ತನ್ನ ಹೆಸರು ಬರೆಯಲು ಮರೆತಿದ್ದಾನೆ.
ಪತ್ರಿಕೆಯ ಅಸಲು ಹಾಳೆ ಸಿಕ್ಕಿದ್ದು ಓಚಿರ್‌ಗೆ.
ಅವನೋ ತಿರುವುಮುರುವಾಗಿ ಅಂಟಿಸಿ
ವರದಿ ಇರಬೇಕಾದಲ್ಲಿ
ಹೊಲಿಗೆ ಯಂತ್ರ ಮಾರಾಟಕ್ಕಿದೆ, ಸೂಜಿ ಸಹಿತ,
ಚೌಕಾಶಿಯಿಲ್ಲ.

ಉಳಿದವರದು ಮೂಲೆಯಂಗಡಿಯ ಜೆರಾಕ್ಸು.
ದುಂಡು ಉಣ್ಣೆಡೇರೆ, ತೆರೆದ ಬಾಗಿಲು,
ಬಾಗಿಲ ತುಂಬ ಉಕ್ಕಿ ಬರುವ ಮೋಡ, ಒಂದು ನಾಯಿ.
ನಕಲಿನ ನಕಲು ತೆಗೆದಂತೆಲ್ಲ
ಹೊಗೆ ಇನ್ನಷ್ಟು ಕಪ್ಪಾಗಿದೆ.
ಕೆಳಗೆ: ‘ಹೊಗೆಯಲ್ಲಿ ಮುಳುಗಿದ ಒಂದು ಮನೆ.’

ಕೊನೆಯದು ಯಂಜ್ಮಾಳದು. ಒಂದೂವರೆ ಪುಟ.

‘ಚಿತ್ರದಲ್ಲಿರುವುದು ನಮ್ಮ ಮನೆ.
ನಾಯಿಯ ಹೆಸರು ಬಾವ್‌ಗಾಯ್, ಅಂದರೆ ಕರಡಿ.
ಅದು ಬೆಕ್ಕಿಗೂ ಹೆದರುತ್ತದೆ.
ಬಾಗಿಲಲ್ಲಿರುವುದು ಹೊಗೆಯಲ್ಲ, ಆವಿ.
ಅಂದು ಬಿತೂನ್, ಹಳೆಯ ವರ್ಷದ ಕಡೆಯ ದಿನ.
ಅಜ್ಜಿ, ಅಮ್ಮ, ನಾನು ಮೂರು ದಿನ ಹಿಟ್ಟು ಲಟ್ಟಿಸಿ
ಕುರಿಮಾಂಸ ತುಂಬಿ
ಒಂಬೈನೂರ ಹನ್ನೆರಡು ಕಡುಬು ಮಡಿಚಿದ್ದೆವು.
ಅಣ್ಣ ಹಬೆಪಾತ್ರೆಯ ಮುಚ್ಚಳ ತೆಗೆದ.
ಧಗೆ ತಾಳದೆ ನಾನೇ ಬಾಗಿಲು ತೆರೆದೆ.
ಕ್ಯಾಮೆರಾದವನು ಆಗ ದಾರಿಯಲ್ಲಿದ್ದ.
ಚಳಿ, ಒಳಗೆ ಬಾ ಮಗನೇ ಅಂದಳು ಅಜ್ಜಿ.
ಬಂದ. ಹದಿನಾಲ್ಕು ತಿಂದ.
ಅದು ವರದಿಯಲ್ಲಿಲ್ಲ.

ಹಾಗಂತ ಹೊಗೆ ಸುಳ್ಳಲ್ಲ.
ತಮ್ಮನಿಗೆ ನಾಲ್ಕು ವರ್ಷ, ಅವನ ಕೆಮ್ಮಿಗೆ ಮೂರೂವರೆ.
ಅದನ್ನು ಬರೆಯಬೇಕಿದ್ದರೆ
ಹಬ್ಬ ಮುಗಿದ ಮೇಲೆ ಯಾವತ್ತು ಬಂದಿದ್ದರೂ ಆಗುತ್ತಿತ್ತು.
ವರದಿಯಲ್ಲಿ ಬಡವರು ಅಂತ ಏಳು ಸಲ ಇದೆ.
ಮೊದಲ ಸಲ ಓದುವಾಗ
ಯಾರೋ ಪಾಪ, ಅಂದುಕೊಂಡೆ.’

ಆಮೇಲೆ, ನಾನು ಕಲಿಸಿದ ಕ್ರಮದಲ್ಲೇ,
ಅಡಿಪಟ್ಟಿ ಇಟ್ಟು ಗೆರೆ ಎಳೆದು:
‘ಆಧಾರ: ಒಳಗಿದ್ದೆ.’

ಪುಟಸಂಖ್ಯೆ ಇಲ್ಲ. ಲೇಖಕರ ಹೆಸರು ಇಲ್ಲ.
ಆಧಾರಕ್ಕೆ ಐದು ಅಂಕ, ನಿಯಮದ ಪ್ರಕಾರ ಸೊನ್ನೆ.
ಬೆಂಕಿಯಿಲ್ಲದೆ ಹೊಗೆಯಿಲ್ಲ ಎಂದು ಗಾದೆ ಬರೆಸಿದವಳು ನಾನು;
ಆವಿಗೆ ನನ್ನ ಬಳಿ ಗಾದೆಯಿಲ್ಲ.
ಪತ್ರಿಕೆಯನ್ನು ತರಗತಿಯಲ್ಲಿ ಎತ್ತಿ ಹಿಡಿದು
ನೋಡಿ, ಇದು ನಮ್ಮ ಸ್ಥಿತಿ, ಅಂದವಳೂ ನಾನೇ.
ಮೂರನೆಯ ಬೆಂಚಿನಲ್ಲಿ ಒಂದು ಕೈ ಅರ್ಧ ಎದ್ದು
ಕೂದಲು ಸರಿಮಾಡಿಕೊಂಡಂತೆ ಇಳಿದಿತ್ತು.
ಕಂಡಿದ್ದೆ. ಗಂಟೆ ಹೊಡೆಯುವುದರಲ್ಲಿತ್ತು.

ಈಗ ಒಲೆಗೆ ಇನ್ನೊಂದು ಉಂಡೆ ಕಲ್ಲಿದ್ದಲು ಹಾಕಿ
(ಹೌದು, ನಮ್ಮ ಶಾಲೆಯ ಕೊಳವೆಯೂ ಆಕಾಶಕ್ಕೇ)
ಗಾಲ್ಸನ್‌ನ ಹಾಳೆಯಿಂದ ವಿಳಾಸ ತೆಗೆದುಕೊಂಡೆ.
ಜೆರಾಕ್ಸು ಬೇಡ, ಅದು ಎಲ್ಲವನ್ನೂ ಕಪ್ಪು ಮಾಡುತ್ತದೆ.
ಹೊಸ ಕಾಗದ. ನೀಲಿ ಪೆನ್ನು.
ಮೂವತ್ತೆರಡು ವರ್ಷ ಮಕ್ಕಳಿಗೆ ಬೇಡ ಬೇಡ ಅಂದದ್ದನ್ನು
ಒಂದಕ್ಷರ ಬಿಡದೆ ಮಾಡುತ್ತಿದ್ದೇನೆ,
ನಕಲು.
ಅವಳ ಕಾಗುಣಿತದ ತಪ್ಪು ಎರಡಿವೆ, ಅವನ್ನೂ ತಿದ್ದಿಲ್ಲ.

‘ಹದಿನಾಲ್ಕು ತಿಂದ’ ಎಂಬಲ್ಲಿಗೆ ಬಂದಿದ್ದೇನೆ.